ತುಕ್ಕು ಬಿಡಿಸಿದ ಕೈಗಳ ಹೆಸರು

ಅಬುಧಾಬಿ ನಗರದಿಂದ ಹಮೀಮ್ ಕಡೆಗೆ ಹೋಗುವ ರಸ್ತೆಯಲ್ಲಿ ಸುಮಾರು 45 ಕಿಲೋಮೀಟರ್ ದಕ್ಷಿಣಕ್ಕೆ ಸಾಗಿದರೆ ಮರಳುಗಾಡಿನ ನಡುವೆ ಪಿರಮಿಡ್ ಆಕಾರದ ಕಟ್ಟಡವೊಂದು ಎದುರಾಗುತ್ತದೆ. ಅದು ಎಮಿರೇಟ್ಸ್ ನ್ಯಾಷನಲ್ ಆಟೋ ಮ್ಯೂಸಿಯಂ. ರಾಜಮನೆತನದ ಶೇಖ್ ಹಮದ್ ಬಿನ್ ಹಮ್ದಾನ್ ಅಲ್ ನಹ್ಯಾನ್ ಅವರು ದಶಕಗಳ ಕಾಲ ಕೂಡಿಸಿದ ವಾಹನಗಳ ಸಂಗ್ರಹ ಅದು. ಕಾಮನಬಿಲ್ಲಿನ ಒಂದೊಂದು ಬಣ್ಣ ಬಳಿದ ಏಳು ಮರ್ಸಿಡಿಸ್ ಕಾರುಗಳು ಅದಕ್ಕೆ ಲೋಕಪ್ರಸಿದ್ಧಿಯನ್ನು ತಂದುಕೊಟ್ಟಿವೆ. ಡಾಜ್ ಪವರ್ ವ್ಯಾಗನ್ ಲಾರಿಯನ್ನು ಹಲವು ಪಟ್ಟು ಹಿಗ್ಗಿಸಿ ಮಾಡಿಸಿದ ದೈತ್ಯ ಪ್ರತಿಕೃತಿ ಅದೇ ಸಂಗ್ರಾಹಕರ ಇನ್ನೊಂದು ಸಾಹಸ; ಅದರ ಹೊಟ್ಟೆಯೊಳಗೆ ಮಲಗುವ ಕೋಣೆಗಳೇ ಇವೆ. ನೆರೆಯ ಶಾರ್ಜಾದಲ್ಲಿ 2008ರಿಂದ ಸರ್ಕಾರಿ ಪ್ರಾಧಿಕಾರವೇ ನಡೆಸುತ್ತಿರುವ ಕ್ಲಾಸಿಕ್ ಕಾರುಗಳ ವಸ್ತುಸಂಗ್ರಹಾಲಯವಿದೆ. ದುಬೈಯಲ್ಲಿ ಹಳೆಯ ಕಾರುಗಳ ಮೆರವಣಿಗೆ, ಮಾರಾಟ ಮತ್ತು ದುರಸ್ತಿ ಈಗ ತಕ್ಕಮಟ್ಟಿನ ವ್ಯಾಪಾರವಾಗಿ ಬೆಳೆದಿದೆ.

ಇಂಥ ಸಂಗ್ರಹಾಲಯಗಳಲ್ಲಿ, ಅವು ಯಾವ ದೇಶದಲ್ಲೇ ಇರಲಿ, ಕಾರಿನ ಮುಂದಿನ ಫಲಕ ಸಾಮಾನ್ಯವಾಗಿ ಒಂದೇ ಮಾದರಿಯಲ್ಲಿರುತ್ತದೆ. ತಯಾರಕರ ಹೆಸರು, ತಯಾರಾದ ದೇಶ ಮತ್ತು ವರ್ಷ, ಎಂಜಿನ್ನಿನ ಶಕ್ತಿ, ಕೆಲವೊಮ್ಮೆ ಹಿಂದಿನ ಮಾಲೀಕನ ಕೀರ್ತಿ. ಕಾರು ಕೈಸೇರಿದಾಗ ಯಾವ ಸ್ಥಿತಿಯಲ್ಲಿತ್ತು, ಅದರ ತಳವನ್ನು ಎಷ್ಟರಮಟ್ಟಿಗೆ ತುಕ್ಕು ತಿಂದಿತ್ತು, ಆ ತುಕ್ಕನ್ನು ಕತ್ತರಿಸಿ ತೆಗೆದು ಹೊಸ ಲೋಹವನ್ನು ಕೂಡಿಸಿದವರು ಯಾರು ಎಂಬುದು ಆ ಫಲಕದಲ್ಲಿ ಬರುವುದು ವಿರಳ. ಕೊಲ್ಲಿ ರಾಷ್ಟ್ರಗಳಲ್ಲಿ ಈ ಮೌನಕ್ಕೆ ಬೇರೆಯೇ ತೂಕವಿದೆ. ಅಲ್ಲಿ ಹಳೆಯ ಕಾರನ್ನು ಬದುಕಿಸುವವರಲ್ಲಿ ಬಹುಪಾಲು ಜನ ದಕ್ಷಿಣ ಏಷ್ಯಾದಿಂದ ಹೋದ ವಲಸೆ ಕಾರ್ಮಿಕರು. ಕಾರು ಆ ದೇಶದ ಪರಂಪರೆಯ ಭಾಗವಾಗುತ್ತದೆ, ಅದನ್ನು ಪರಂಪರೆಯಾಗಿಸಿದವರು ಆ ಪರಂಪರೆಯ ಹೊರಗೆ ಉಳಿಯುತ್ತಾರೆ. ಈ ಅಂತರವನ್ನು ಕಿರಿದು ಮಾಡಲು ಸಾಧ್ಯವಿದೆ, ಮತ್ತು ಅದರಲ್ಲಿ ಕನ್ನಡಿಗರ ಪಾಲಿನ ಹೊಣೆಯೂ ಇದೆ ಎಂಬುದು ಈ ಲೇಖನದ ವಾದ.

ಮೊದಲು ಆ ನೆಲಕ್ಕೆ ಹಳೆಯ ವಾಹನವೆಂದರೆ ಏನು ಎಂಬುದನ್ನು ನ್ಯಾಯವಾಗಿ ಅರ್ಥ ಮಾಡಿಕೊಳ್ಳಬೇಕು. ಅದನ್ನು ಸಿರಿವಂತರ ಖಯಾಲಿಯೆಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಅಬುಧಾಬಿಯಿಂದ ತೈಲ ರಫ್ತಾಗತೊಡಗಿದ್ದು 1962ರಲ್ಲಿ, ದುಬೈಯಿಂದ 1969ರಲ್ಲಿ. ಅದಕ್ಕೂ ಹಿಂದೆ ತೈಲ ಹುಡುಕುತ್ತ ಬಂದ ಸರ್ವೇಕ್ಷಕರು, 1951ರಲ್ಲಿ ಬ್ರಿಟಿಷರು ಕಟ್ಟಿದ ಟ್ರೂಷಿಯಲ್ ಒಮಾನ್ ದಳದ ಸೈನಿಕರು ಲ್ಯಾಂಡ್ ರೋವರ್, ಬೆಡ್‌ಫರ್ಡ್, ಡಾಜ್ ವಾಹನಗಳಲ್ಲಿ ರಸ್ತೆಯೇ ಇಲ್ಲದ ಮರಳನ್ನು ದಾಟಿದರು. ಅಬುಧಾಬಿ ದ್ವೀಪವನ್ನು ಮುಖ್ಯಭೂಮಿಗೆ ಜೋಡಿಸುವ ಮಕ್ತಾ ಸೇತುವೆ ತೆರೆದದ್ದು 1968ರಲ್ಲಿ. ಅದಕ್ಕೂ ಹಿಂದೆ ಒಂದು ಕಾಲದಲ್ಲಿ ನೀರಿಳಿತವನ್ನು ಕಾದು ಕಡಲ ಕಾಲುವೆಯನ್ನು ದಾಟಬೇಕಿತ್ತು. 1966ರವರೆಗೆ ಆ ಪ್ರದೇಶದಲ್ಲಿ ಚಲಾವಣೆಯಲ್ಲಿದ್ದದ್ದು ಭಾರತದ ರಿಸರ್ವ್ ಬ್ಯಾಂಕ್ ಮುದ್ರಿಸಿದ ಕೊಲ್ಲಿ ರೂಪಾಯಿ. ಅದೇ ವರ್ಷ ವಾಹನಗಳು ರಸ್ತೆಯ ಎಡಬದಿಯನ್ನು ಬಿಟ್ಟು ಬಲಬದಿಗೆ ಹೊರಳಿದವು. ಬಲಗಡೆ ಸ್ಟೀರಿಂಗ್ ಇರುವ ಹಳೆಯ ಲ್ಯಾಂಡ್ ರೋವರ್ ಒಂದು ಗ್ಯಾರೇಜಿನ ಮೂಲೆಯಲ್ಲಿ ಸಿಕ್ಕರೆ ಅದು ಅರವತ್ತು ವರ್ಷಗಳ ಹಿಂದಿನ ಒಂದು ರಾಜಕೀಯ ವ್ಯವಸ್ಥೆಯ ಸಾಕ್ಷ್ಯವಾಗಬಲ್ಲದು.

1971ರಲ್ಲಿ ಒಕ್ಕೂಟವಾದ ಈ ದೇಶದಲ್ಲಿ ಒಂದೇ ತಲೆಮಾರಿನೊಳಗೆ ಊರುಗಳ ಗುರುತೇ ಅಳಿಸಿಹೋಗಿದೆ. ತಾತ ಓಡಿಸಿದ ಪಿಕಪ್ಪಿನ ಬಾಗಿಲು ಮುಚ್ಚುವ ಸದ್ದು ಮೊಮ್ಮಗನಿಗೆ ಹಳೆಯ ಮನೆಗಿಂತ ಹೆಚ್ಚಿನ ನೆನಪಾಗಿ ಉಳಿದಿರಬಹುದು, ಏಕೆಂದರೆ ಮನೆ ಉಳಿದಿಲ್ಲ. ಆದ್ದರಿಂದ ತುಕ್ಕು ಹಿಡಿದ ವಾಹನವನ್ನು ಉಳಿಸಿಕೊಳ್ಳಬೇಕೆಂಬ ಎಮಿರಾಟಿಗಳ ಹಂಬಲದಲ್ಲಿ ನಿಜವಾದ ಪ್ರೀತಿಯಿದೆ. ಪ್ರಶ್ನೆ ಆ ಪ್ರೀತಿಯ ಬಗ್ಗೆ ಅಲ್ಲ, ಅದರ ಭಾರವನ್ನು ಹೊರುವವರ ಬಗ್ಗೆ.

ಮರುಭೂಮಿಯಲ್ಲಿ ತುಕ್ಕು ಹಿಡಿಯುವುದಿಲ್ಲ ಎಂಬ ನಂಬಿಕೆಯೊಂದಿದೆ. ಒಳನಾಡಿನ ಒಣಹವೆಯ ಮಟ್ಟಿಗೆ ಅದು ಸ್ವಲ್ಪ ನಿಜ. ದುಬೈ, ಅಬುಧಾಬಿಗಳ ಕರಾವಳಿಗೆ ಅದು ಅನ್ವಯಿಸುವುದಿಲ್ಲ. ಬೇಸಗೆಯ ರಾತ್ರಿಗಳಲ್ಲಿ ಅಲ್ಲಿನ ಗಾಳಿ ಕಡಲ ತೇವದಿಂದ ಒದ್ದೆಯಾಗಿರುತ್ತದೆ. ಸಬ್ಖಾ ಎಂದು ಕರೆಯುವ ಉಪ್ಪಿನ ಬಯಲಿನ ಕೆಸರು ವಾಹನದ ತಳಕ್ಕೆ ಮೆತ್ತಿಕೊಳ್ಳುತ್ತದೆ. ಕಬ್ಬಿಣಕ್ಕೆ ನೀರು, ಗಾಳಿ ಎರಡೂ ತಾಗಿದರೆ ತುಕ್ಕು. ಉಪ್ಪು ಸೇರಿದರೆ ಅದರ ಓಟ ಜೋರು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಆದ್ದರಿಂದ ಅದು ಬಣ್ಣವನ್ನು ಒಳಗಿನಿಂದ ಎತ್ತಿ ಗುಳ್ಳೆಯಾಗಿಸುತ್ತದೆ. ಹೊರಗೆ ಕಾಸಿನಗಲದ ಗುಳ್ಳೆ ಕಂಡರೆ ಒಳಗೆ ಅಂಗೈಯಗಲ ಲೋಹ ಹೋಗಿರುತ್ತದೆ ಎಂಬುದು ಟಿಂಕರಿಂಗ್ ಕೆಲಸದವರಿಗೆಲ್ಲ ತಿಳಿದ ಮಾತು.

ಹಾಗಾಗಿ ಹಳೆಯ ಕಾರಿನ ಜೀರ್ಣೋದ್ಧಾರ ಆರಂಭವಾಗುವುದು ಕೆಡವುವುದರಿಂದ. ಅಬುಧಾಬಿಯ ಮುಸಫ್ಫಾದಲ್ಲಿ, ದುಬೈಯ ಅಲ್ ಖೋಜ್ ಮತ್ತು ರಾಸ್ ಅಲ್ ಖೋರ್ ಪ್ರದೇಶಗಳಲ್ಲಿ ಸಾಲುಸಾಲು ಗ್ಯಾರೇಜುಗಳಿವೆ. ಬಿಡಿಭಾಗಗಳಿಗಾಗಿ ಶಾರ್ಜಾದ ಕೈಗಾರಿಕಾ ಪ್ರದೇಶದ ಗುಜರಿ ಮಾರುಕಟ್ಟೆಗೆ ಅಲೆಯಬೇಕು. ಕಾರಿನ ಸೀಟು, ಗಾಜು, ವೈರಿಂಗ್ ಎಲ್ಲವನ್ನೂ ಬಿಚ್ಚಿ, ಪ್ರತಿ ತುಂಡಿಗೂ ಚೀಟಿ ಕಟ್ಟಿ, ಬರಿಯ ಗೂಡನ್ನು ಉಳಿಸಿಕೊಳ್ಳುತ್ತಾರೆ. ಮರಳನ್ನೋ ಬೇರೆ ಹರಳುಪುಡಿಯನ್ನೋ ಗಾಳಿಯ ಒತ್ತಡದಿಂದ ಹಾರಿಸಿ ಹಳೆಯ ಬಣ್ಣ ಮತ್ತು ತುಕ್ಕನ್ನು ಕಿತ್ತುಹಾಕುತ್ತಾರೆ. ಆಗ ನಿಜಸ್ಥಿತಿ ಬಯಲಾಗುತ್ತದೆ. ಬಾಗಿಲ ಕೆಳಗಿನ ಅಂಚು, ಚಕ್ರದ ಮೇಲಿನ ಕಮಾನು, ಕಾಲಿಡುವ ತಳ, ಚಾಸಿಯ ಟೊಳ್ಳು ತೊಲೆಗಳು, ಇವೇ ಹೆಚ್ಚಾಗಿ ಹೋಗಿರುವ ಜಾಗಗಳು. ಕೊಳೆತದ್ದನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ, ಅದೇ ದಪ್ಪದ ಹಾಳೆಯನ್ನು ಸುತ್ತಿಗೆಯಿಂದ ಬಡಿದು ಅದೇ ಬಾಗು ತಂದು, ಶಾಖಕ್ಕೆ ಹಾಳೆ ಸೊಟ್ಟಗಾಗದಂತೆ ಚುಕ್ಕಿ ಚುಕ್ಕಿಯಾಗಿ ಬೆಸುಗೆ ಹಾಕಬೇಕು. ಬಳಿಕ ಪ್ರೈಮರ್, ಪುಟ್ಟಿ, ಉಜ್ಜುವುದು, ಮತ್ತೆ ಪ್ರೈಮರ್, ಮತ್ತೆ ಉಜ್ಜುವುದು. ಎಲ್ಲ ಮುಗಿದ ಮೇಲೆ ಬಣ್ಣ. ಒಂದು ಪೂರ್ಣ ಜೀರ್ಣೋದ್ಧಾರ ಸಾವಿರ ಗಂಟೆಗಳ ದುಡಿಮೆಯನ್ನು ದಾಟುವುದು ಅಪರೂಪವೇನಲ್ಲ.

ಈ ದುಡಿಮೆಯ ಅಪಾಯಗಳು ವೈದ್ಯಶಾಸ್ತ್ರಕ್ಕೆ ಹೊಸವಲ್ಲ. ಸಿಲಿಕಾ ಮರಳನ್ನು ಹಾರಿಸಿದಾಗ ಏಳುವ ಸೂಕ್ಷ್ಮ ಧೂಳು ಶ್ವಾಸಕೋಶದಲ್ಲಿ ಕುಳಿತು ಸಿಲಿಕೋಸಿಸ್ ಆಗುತ್ತದೆ. ಬ್ರಿಟನ್ ಈ ಕೆಲಸಕ್ಕೆ ಅಂಥ ಮರಳನ್ನು ಬಳಸುವುದನ್ನು 1949ರಲ್ಲೇ ನಿಷೇಧಿಸಿತು. ಹಳೆಯ ಕಾರುಗಳ ಬಣ್ಣದಲ್ಲಿ ಮತ್ತು ಮೈಯ ಜೋಡಣೆಗಳಲ್ಲಿ ಸೀಸವಿರುತ್ತದೆ, ಬ್ರೇಕಿನ ಹಳೆಯ ಪಟ್ಟಿಗಳಲ್ಲಿ ಕಲ್ನಾರು. ಇಂದಿನ ಎರಡು ಭಾಗ ಬೆರೆಸುವ ಬಣ್ಣಗಳ ಗಟ್ಟಿಕಾರಕದಲ್ಲಿರುವ ಐಸೋಸಯನೇಟ್ ಔದ್ಯೋಗಿಕ ಅಸ್ತಮಾಕ್ಕೆ ಹೆಸರಾದ ಕಾರಣ. ಸರಿಯಾದ ಮುಖಕವಚ, ಪ್ರತ್ಯೇಕ ಗಾಳಿಯ ಪೂರೈಕೆ, ಮುಚ್ಚಿದ ಕೊಠಡಿ ಇದ್ದರೆ ಇವೆಲ್ಲವನ್ನೂ ತಡೆಯಬಹುದು. ಮೂಗಿಗೆ ಕಟ್ಟಿದ ಹತ್ತಿಬಟ್ಟೆ ತಡೆಯುವುದಿಲ್ಲ.

ಎಮಿರೇಟ್ಸ್‌ನಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯವರೆಗೆ ಬಯಲಿನ ಕೆಲಸಕ್ಕೆ ನಿಷೇಧವಿದೆ. ಅದು ಒಳ್ಳೆಯ ನಿಯಮ, ಸಾವಿರಾರು ಕಟ್ಟಡ ಕಾರ್ಮಿಕರನ್ನು ಕಾಪಾಡಿದೆ. ಆದರೆ ಅದು ನೇರ ಬಿಸಿಲಿನಡಿಯ ಕೆಲಸಕ್ಕೆ ಸಂಬಂಧಿಸಿದ್ದು. ಗ್ಯಾರೇಜಿನ ತಗಡಿನ ಮಾಡಿನ ಕೆಳಗೆ, ಬೆಸುಗೆಯ ಕಿಡಿಯ ಎದುರು ಕೂತವನು ಕಾನೂನಿನ ಕಣ್ಣಿಗೆ ನೆರಳಿನಲ್ಲಿದ್ದಾನೆ. ಆರೋಗ್ಯ ವಿಮೆಯೂ ಈಗ ಎಲ್ಲ ಎಮಿರೇಟ್‌ಗಳಲ್ಲಿ ಕಡ್ಡಾಯ. ಆದರೆ ವಿಮೆ ಕೆಲಸದ ಜೊತೆಗೆ ಕೊನೆಗೊಳ್ಳುತ್ತದೆ, ಸಿಲಿಕೋಸಿಸ್ ಹಲವೊಮ್ಮೆ ತಲೆಯೆತ್ತುವುದೇ ಹತ್ತು ಹದಿನೈದು ವರ್ಷಗಳ ಮೇಲೆ. ಆ ಹೊತ್ತಿಗೆ ಕಾರು ಮ್ಯೂಸಿಯಂನಲ್ಲಿರುತ್ತದೆ, ಕೆಮ್ಮು ಕುಂದಾಪುರದಲ್ಲೋ ಕರೀಂನಗರದಲ್ಲೋ ಇರುತ್ತದೆ. ಅದರ ಖರ್ಚನ್ನು ಹೊರುವುದು ಮನೆಯವರು ಮತ್ತು ಊರಿನ ಸರ್ಕಾರಿ ಆಸ್ಪತ್ರೆ.

ಇದರ ಹಿಂದಿನ ಲೆಕ್ಕಾಚಾರ ಸರಳ. ಸಾವಿರ ಗಂಟೆಗಳ ಕುಶಲ ಕೆಲಸಕ್ಕೆ ಜರ್ಮನಿಯಲ್ಲೋ ಇಂಗ್ಲೆಂಡಿನಲ್ಲೋ ಅಲ್ಲಿನ ದರದಲ್ಲಿ ಕೂಲಿ ಕೊಟ್ಟರೆ, ಸಾಧಾರಣ ಕುಟುಂಬದ ಹಳೆಯ ಕಾರೊಂದರ ದುರಸ್ತಿಯ ವೆಚ್ಚ ಅದರ ಮಾರಾಟದ ಬೆಲೆಯನ್ನು ಮೀರಿಬಿಡುತ್ತದೆ. ಅಲ್ಲಿ ಅಂಥ ಕಾರು ಗುಜರಿಗೇ ಹೋಗುತ್ತದೆ, ಉಳಿಯುವುದು ಅತಿ ದುಬಾರಿ ಮಾದರಿಗಳು ಅಥವಾ ಮಾಲೀಕನೇ ಭಾನುವಾರಗಳಲ್ಲಿ ಕೂತು ಸರಿಮಾಡಿಕೊಳ್ಳುವಂಥವು. ಮುಸಫ್ಫಾದಲ್ಲಿ ಅದೇ ಕಾರು ಬದುಕುತ್ತದೆ. ವಿದೇಶಿ ಕಾರ್ಮಿಕರಿಗೆ ಆ ದೇಶದಲ್ಲಿ ಶಾಸನಬದ್ಧ ಕನಿಷ್ಠ ವೇತನವಿಲ್ಲ, ಸಂಘ ಕಟ್ಟುವ ಹಕ್ಕೂ ಇಲ್ಲ. ಹೀಗೆ ನೋಡಿದರೆ ಹಳೆಯ ಕಾರಿನ ಉಳಿವಿಗೆ ಸಹಾಯಧನ ಕೊಡುತ್ತಿರುವವನು ಅದನ್ನು ಬಡಿದು ನೇರ ಮಾಡುವ ಟಿಂಕರನೇ.

ಅವನ ಕೌಶಲ ಎಲ್ಲಿಂದ ಬಂತು ಎಂಬುದನ್ನೂ ನೋಡಬೇಕು. ಭಾರತದಲ್ಲಿ ದಶಕಗಳ ಕಾಲ ರಸ್ತೆಯಲ್ಲಿದ್ದದ್ದು ಬೆರಳೆಣಿಕೆಯ ಮಾದರಿಗಳು. 2014ರವರೆಗೆ ತಯಾರಾದ ಅಂಬಾಸಡರ್, ಫಿಯೆಟ್ ಆಗಿ ಬಂದು 1970ರ ದಶಕದಲ್ಲಿ ಪದ್ಮಿನಿಯೆಂಬ ಹೆಸರು ಪಡೆದ ಪ್ರೀಮಿಯರ್ ಕಾರು, ವಿಲ್ಲೀಸ್ ವಂಶದ ಜೀಪು. ಹೊಸ ಕಾರಿಗೆ ವರ್ಷಗಟ್ಟಲೆ ಸರದಿ, ಬಿಡಿಭಾಗಗಳಿಗೆ ಬರ. ಆದ್ದರಿಂದ ಭಾರತದ ಗ್ಯಾರೇಜುಗಳಲ್ಲಿ ಯಾವುದನ್ನೂ ಎಸೆಯುವ ಪದ್ಧತಿ ಇರಲಿಲ್ಲ. ನುಗ್ಗಾದ ಮಡ್‌ಗಾರ್ಡನ್ನು ಬದಲಿಸುವ ಬದಲು ಬಡಿದು ಸರಿಮಾಡುತ್ತಿದ್ದರು, ಸಿಗದ ಬುಷ್ಷನ್ನು ಲೇಥಿನಲ್ಲಿ ಕಡೆಯುತ್ತಿದ್ದರು. ಬೆಂಗಳೂರಿನ ಜೆ.ಸಿ. ರಸ್ತೆಯ ಸುತ್ತಮುತ್ತ, ಮಂಗಳೂರು, ಹುಬ್ಬಳ್ಳಿಯ ವರ್ಕ್‌ಶಾಪುಗಳಲ್ಲಿ ಹುಡುಗರು ಕೂಲಿಯಿಲ್ಲದೆ ಸ್ಪ್ಯಾನರ್ ಎತ್ತಿಕೊಡುತ್ತ, ಬೈಗುಳ ತಿನ್ನುತ್ತ ಕಲಿತದ್ದು ಈ ವಿದ್ಯೆಯನ್ನೇ. ಕೊರತೆಯ ಕಾಲ ಕಲಿಸಿದ ಆ ಕೈಚಳಕ ಕೊಲ್ಲಿಯ ಸಮೃದ್ಧಿಯಲ್ಲಿ ಹಳೆಯ ಕಾರನ್ನು ಉಳಿಸಲು ಬೇಕಾಯಿತು. ಈಗ ಭಾರತದಲ್ಲೂ ನುಗ್ಗಾದ ಭಾಗವನ್ನು ಕಿತ್ತು ಹೊಸದನ್ನು ಕೂರಿಸುವುದೇ ರೂಢಿ. ಕಾರು ತುಕ್ಕು ಹಿಡಿಯುವುದಕ್ಕಿಂತ ಬೇಗ ಆ ವಿದ್ಯೆಗೆ ತುಕ್ಕು ಹಿಡಿಯುತ್ತಿದೆ.

ಯಾವ ಹಳೆಯ ವಸ್ತು ಕಸ, ಯಾವುದು ಪರಂಪರೆ ಎಂಬ ತೀರ್ಮಾನವೂ ರಾಜಕೀಯವೇ. ದುಬೈಯ ರಸ್ತೆಬದಿಯಲ್ಲಿ ಧೂಳು ಹಿಡಿದು ನಿಂತ ಅನಾಥ ಕಾರಿಗೆ ನಗರಸಭೆ 500 ದಿರ್ಹಂ ದಂಡ ಹಾಕುತ್ತದೆ. ಅಬುಧಾಬಿಯಲ್ಲೂ ಅಂಥ ದಂಡವಿದೆ. ಗಡುವಿನೊಳಗೆ ಯಾರೂ ಬಾರದಿದ್ದರೆ ಎತ್ತಿಕೊಂಡು ಹೋಗುತ್ತಾರೆ. 2008ರ ಆರ್ಥಿಕ ಕುಸಿತದ ಮರುವರ್ಷ, ಸಾಲ ತೀರಿಸಲಾಗದೆ ಕಾರನ್ನು ವಿಮಾನ ನಿಲ್ದಾಣದ ಬಳಿಯೇ ಬಿಟ್ಟು ದೇಶ ತೊರೆದವರ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಅಂಥ ಕಾರುಗಳ ಸಂಖ್ಯೆಯ ಬಗ್ಗೆ ಪತ್ರಿಕೆಗಳಿಗೂ ಪೊಲೀಸರಿಗೂ ಒಮ್ಮತವಿರಲಿಲ್ಲ. ಕಾರಣದ ಬಗ್ಗೆ ಅನುಮಾನವಿರಲಿಲ್ಲ: ಆಗ ಅಲ್ಲಿ ಚೆಕ್ ಬೌನ್ಸ್ ಆದರೆ ಜೈಲು. ಆ ಕಾನೂನು ಬಹುಮಟ್ಟಿಗೆ ಸಡಿಲವಾದದ್ದು 2022ರ ಜನವರಿಯಲ್ಲಿ. ಪ್ರವಾಸಿ ಚಿತ್ರಗಳಲ್ಲಿ ಧೂಳು ಮುಚ್ಚಿದ ಫೆರಾರಿಯನ್ನು ತಮಾಷೆಯಾಗಿ ತೋರಿಸುವವರು ಅದರ ಹಿಂದೆ ಹೆದರಿ ಓಡಿದ ಒಬ್ಬ ವಲಸಿಗನಿದ್ದ ಎಂಬುದನ್ನು ಹೇಳುವುದಿಲ್ಲ. ವಲಸಿಗ ಬಿಟ್ಟುಹೋದ ಕಾರು ನಗರಕ್ಕೆ ಕಸ. ಉಳ್ಳವನು ಉಳಿಸಿಕೊಂಡ ಕಾರು ನಾಡಿಗೆ ಪರಂಪರೆ.

ಐತಿಹಾಸಿಕ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ಫಿವಾ, ಕಾರೊಂದು ಐತಿಹಾಸಿಕವೆನಿಸಿಕೊಳ್ಳಲು ಕನಿಷ್ಠ 30 ವರ್ಷ ತುಂಬಿರಬೇಕು ಎನ್ನುತ್ತದೆ. ಎಮಿರೇಟ್ಸ್ ಕೂಡ ಅಂಥ ಕಾರುಗಳಿಗೆ ಪ್ರತ್ಯೇಕ ಕ್ಲಾಸಿಕ್ ನಂಬರ್ ಪ್ಲೇಟ್ ಕೊಡುತ್ತದೆ. ವಯಸ್ಸಾದಷ್ಟೂ ಕಾರಿನ ಗೌರವ ಹೆಚ್ಚುತ್ತದೆ. ಅದನ್ನು ಸರಿಮಾಡಿದವನೂ ಅದೇ ನೆಲದಲ್ಲಿ 30 ವರ್ಷ ದುಡಿದಿದ್ದಾನೆ ಎಂದುಕೊಳ್ಳೋಣ. ಖಾಸಗಿ ವಲಯದ ಕೆಲಸದ ಪರವಾನಗಿ ಸಾಮಾನ್ಯವಾಗಿ ಎರಡು ವರ್ಷದ್ದು. ಅವನು ಮತ್ತೆ ಮತ್ತೆ ನವೀಕರಣಗೊಂಡಿದ್ದಾನೆ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಕನಿಷ್ಠ 4,000 ದಿರ್ಹಂ ಸಂಬಳ, ಅಥವಾ 3,000 ದಿರ್ಹಂ ಜೊತೆಗೆ ವಸತಿ ಬೇಕು. ಬಹುಪಾಲು ಟಿಂಕರ್, ಪೇಂಟರ್‌ಗಳ ಸಂಸಾರ ಊರಿನಲ್ಲೇ ಉಳಿಯುವುದಕ್ಕೆ ಇದೂ ಒಂದು ಕಾರಣ. ನಿವೃತ್ತಿ ವೀಸಾ ಬಂದಿದೆ, ಆದರೆ ಅದಕ್ಕೆ ಹತ್ತು ಲಕ್ಷ ದಿರ್ಹಂ ಉಳಿತಾಯದಂಥ ಷರತ್ತುಗಳಿವೆ. 2021ರಲ್ಲಿ ಪೌರತ್ವದ ಬಾಗಿಲು ತುಸು ತೆರೆದಾಗ ಅದು ತೆರೆದದ್ದು ಹೂಡಿಕೆದಾರರು, ವೈದ್ಯರು, ವಿಜ್ಞಾನಿಗಳು, ಕಲಾವಿದರಂಥವರಿಗೆ.

ಇನ್ನು ಸೇವಾನಿವೃತ್ತಿಯ ಇಡಿಗಂಟು. ಕಾನೂನಿನ ಪ್ರಕಾರ ಮೊದಲ ಐದು ವರ್ಷ ವರ್ಷಕ್ಕೆ 21 ದಿನಗಳ ಮೂಲವೇತನ, ಆಮೇಲೆ ವರ್ಷಕ್ಕೆ 30 ದಿನಗಳದ್ದು. 30 ವರ್ಷಕ್ಕೆ ಕೂಡಿಸಿದರೆ 855 ದಿನ ಬರುತ್ತದೆ. ಆದರೆ ಒಟ್ಟು ಮೊತ್ತ ಎರಡು ವರ್ಷಗಳ ವೇತನವನ್ನು ಮೀರುವಂತಿಲ್ಲ. ಅಂದರೆ ಸುಮಾರು 26 ವರ್ಷ ದಾಟಿದ ಬಳಿಕ ಅವನ ದುಡಿಮೆ ಈ ಲೆಕ್ಕದಲ್ಲಿ ಬೆಳೆಯುವುದನ್ನೇ ನಿಲ್ಲಿಸುತ್ತದೆ. ಅದೂ ಒಬ್ಬನೇ ಮಾಲೀಕನ ಬಳಿ ಅಷ್ಟೂ ವರ್ಷ ಇದ್ದರೆ. ಕಾರಿನ ಬೆಲೆ ಏರಲು ಶುರುವಾಗುವ ವಯಸ್ಸಿಗೆ ಮನುಷ್ಯನ ಬೆಲೆ ನಿಂತುಬಿಡುತ್ತದೆ.

ದೂರನ್ನೆಲ್ಲ ಕೊಲ್ಲಿಯ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ಅಪ್ರಾಮಾಣಿಕತೆಯಾಗುತ್ತದೆ. ಎಮಿರೇಟ್ಸ್ 2009ರಲ್ಲಿ ಸಂಬಳವನ್ನು ಬ್ಯಾಂಕಿನ ಮೂಲಕವೇ ಪಾವತಿಸುವ ವ್ಯವಸ್ಥೆ ತಂದಿತು. 2022ರಿಂದ ಹೊಸ ಕಾರ್ಮಿಕ ಕಾಯ್ದೆ ಜಾರಿಯಲ್ಲಿದೆ. ನೌಕರನ ಪಾಸ್‌ಪೋರ್ಟನ್ನು ಮಾಲೀಕ ಇಟ್ಟುಕೊಳ್ಳುವುದು ಕಾನೂನುಬಾಹಿರ. ಇತ್ತ ಭಾರತ ಸರ್ಕಾರವೇ 2020ರ ಸೆಪ್ಟೆಂಬರಿನಲ್ಲಿ, ಸಾಂಕ್ರಾಮಿಕದ ನಡುವೆ, ಕೊಲ್ಲಿಗೆ ಹೋಗುವ ತನ್ನ ಕಾರ್ಮಿಕರಿಗೆ ತಾನೇ ನಿಗದಿಮಾಡಿದ್ದ ಕನಿಷ್ಠ ವೇತನದ ಮಟ್ಟವನ್ನು ಇಳಿಸಿತು. ಬೇರೆ ದೇಶದವರ ಪೈಪೋಟಿಯಲ್ಲಿ ಕೆಲಸ ಕಳೆದುಕೊಳ್ಳಬಾರದೆಂಬುದು ಅದರ ಸಮರ್ಥನೆ. ವಲಸೆ ಕಾರ್ಮಿಕರ ಸಂಘಟನೆಗಳು ಪ್ರತಿಭಟಿಸಿದವು, ತೆಲಂಗಾಣ ಹೈಕೋರ್ಟಿನ ಮೆಟ್ಟಿಲೇರಲಾಯಿತು, 2021ರಲ್ಲಿ ಸರ್ಕಾರ ಆ ಆದೇಶಗಳನ್ನು ಹಿಂದಕ್ಕೆ ಪಡೆಯಿತು. ತನ್ನ ಕುಶಲಕರ್ಮಿಯನ್ನು ಅಗ್ಗದ ಸರಕಿನಂತೆ ಮಾರುಕಟ್ಟೆಗಿಟ್ಟ ದೇಶ, ಕೊಂಡವನು ಅಗ್ಗವಾಗಿ ಕಂಡನೆಂದು ದೂರುವುದಕ್ಕೆ ಬಾಯಿ ಎಲ್ಲಿದೆ?

ಅದೇ 2021ರಲ್ಲಿ ಭಾರತ 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿಯ ನಿಯಮಗಳನ್ನು ತಂದು, 'ವಿಎ' ಅಕ್ಷರಗಳ ಪ್ರತ್ಯೇಕ ಫಲಕವನ್ನೂ 20,000 ರೂಪಾಯಿ ಶುಲ್ಕವನ್ನೂ ನಿಗದಿ ಮಾಡಿತು. ಕರ್ನಾಟಕದಲ್ಲೂ ಧರ್ಮಸ್ಥಳದ ಸಂಗ್ರಹವಿದೆ, 2023ರಲ್ಲಿ ಮೈಸೂರು ಹೆದ್ದಾರಿಯಲ್ಲಿ ತೆರೆದ 'ಪಯಣ' ಕಾರು ಸಂಗ್ರಹಾಲಯವಿದೆ. ಅಬುಧಾಬಿಗೆ ಕೇಳುವ ಪ್ರಶ್ನೆಯನ್ನು ಅಲ್ಲಿಗೂ ಕೇಳಬೇಕಾಗುತ್ತದೆ.

ಎರಡು ಆಕ್ಷೇಪಗಳು ಸಹಜ. ಮೊದಲನೆಯದು: ಇವರು ಸ್ವಇಚ್ಛೆಯಿಂದ ಹೋದವರು, ಊರಿನಲ್ಲಿ ಸಿಗುವುದಕ್ಕಿಂತ ಹೆಚ್ಚು ಸಂಪಾದಿಸುತ್ತಾರೆ, ಆ ಹಣದಿಂದಲೇ ಮನೆ ಕಟ್ಟಿದ್ದಾರೆ, ತಂಗಿಯರ ಮದುವೆ ಮಾಡಿದ್ದಾರೆ. ಇದೆಲ್ಲ ನಿಜ. ಕರಾವಳಿಯ ಎಷ್ಟೋ ಮನೆಗಳ ಹೆಂಚು ಬದಲಾದದ್ದು ಕೊಲ್ಲಿಯ ದುಡ್ಡಿನಿಂದ. ಆದರೆ ಊರಿಗಿಂತ ಮೇಲು ಎಂಬ ಹೋಲಿಕೆ ಊರಿನ ಬಡತನವನ್ನು ಅಳೆಯುತ್ತದೆಯೇ ಹೊರತು ಕೆಲಸದ ಬೆಲೆಯನ್ನಲ್ಲ. ಕೆಲಸದ ಬೆಲೆಯನ್ನು ಅಳೆಯಬೇಕಾದದ್ದು ಆ ಕೆಲಸ ಕಾರಿಗೆ ಕೂಡಿಸಿದ ಮೌಲ್ಯದಿಂದ.

ಎರಡನೆಯ ಆಕ್ಷೇಪ ಪ್ರಗತಿಪರರ ಕಡೆಯಿಂದಲೇ ಬರುವಂಥದ್ದು. ಕೂಲಿ ಹೆಚ್ಚದೆ, ಹಕ್ಕು ಸಿಗದೆ ಫಲಕದ ಮೇಲೊಂದು ಹೆಸರು ಬರೆದರೆ ಏನು ಬಂತು? ಅದು ಮಾಲೀಕನ ಆತ್ಮಸಾಕ್ಷಿಗೆ ಬಳಿದ ಬಣ್ಣವಲ್ಲವೇ? ಈ ಎಚ್ಚರ ಬೇಕು. ಹೆಸರು ಕೂಲಿಗೆ ಬದಲಿಯಲ್ಲ. ಆದರೆ ಈ ವ್ಯಾಪಾರದಲ್ಲಿ ದಾಖಲೆಗೆ ಹಣದ ಮೌಲ್ಯವಿದೆ. ಜೀರ್ಣೋದ್ಧಾರದ ಪ್ರತಿ ಹಂತದ ಛಾಯಾಚಿತ್ರ, ಬಿಲ್ಲು, ವಿವರಗಳಿರುವ ಕಡತ ಜೊತೆಗಿದ್ದರೆ ಹಳೆಯ ಕಾರಿನ ಬೆಲೆ ಏರುತ್ತದೆ. ಇದನ್ನು ಹರಾಜಿನವರೂ ಬಲ್ಲರು, ಕೊಳ್ಳುವವರೂ ಬಲ್ಲರು. ಆ ಕಡತದಲ್ಲಿ ಕೆಲಸಗಾರನ ಹೆಸರಿದ್ದು, ಅದರ ಪ್ರತಿಯೊಂದು ಅವನ ಕೈಯಲ್ಲೂ ಇದ್ದರೆ, ಅದು ಅವನ ಯೋಗ್ಯತಾಪತ್ರವಾಗುತ್ತದೆ. ಇಂದು ಗ್ಯಾರೇಜು ಬಿಡುವ ಟಿಂಕರನ ಬಳಿ ಇಪ್ಪತ್ತು ವರ್ಷದ ಕೆಲಸಕ್ಕೆ ಒಂದು ಅನುಭವಪತ್ರದ ಸಾಲು ಇದ್ದರೆ ಹೆಚ್ಚು. ಅವನ ಕೈಯಲ್ಲಿ ಮರುಜೀವ ಪಡೆದ ಹತ್ತು ಕಾರುಗಳ ದಾಖಲೆಯಿದ್ದರೆ ಅವನು ಮುಂದಿನ ಸಂಬಳವನ್ನು ಕೇಳುವ ದನಿಯೇ ಬೇರೆಯಾಗಿರುತ್ತದೆ. ಮುಂದೊಂದು ದಿನ ಶ್ವಾಸಕೋಶ ಕೆಟ್ಟರೆ, ಯಾವ ಕೆಲಸ ಎಷ್ಟು ವರ್ಷ ಮಾಡಿದ ಎಂಬುದಕ್ಕೂ ಅದು ಪುರಾವೆ.

ಕಾರಿನ ಲೋಕದ ಸ್ವಂತ ನೀತಿಸಂಹಿತೆಯೂ ಇದಕ್ಕೆ ಎಡೆಮಾಡಿಕೊಡುತ್ತದೆ. 1964ರ ವೆನಿಸ್ ಸನ್ನದು ಕಟ್ಟಡಗಳ ಸಂರಕ್ಷಣೆಗೆ ಹಾಕಿಕೊಟ್ಟ ತತ್ತ್ವಗಳನ್ನು ಅನುಸರಿಸಿ ಫಿವಾ 2012ರಲ್ಲಿ ಟ್ಯೂರಿನ್ ಸನ್ನದನ್ನು ಅಂಗೀಕರಿಸಿತು. ಸಾಧ್ಯವಾದಷ್ಟು ಮೂಲವನ್ನು ಉಳಿಸಬೇಕು, ಮಾಡಿದ ಬದಲಾವಣೆಗಳನ್ನೆಲ್ಲ ದಾಖಲಿಸಬೇಕು ಎಂಬುದು ಅದರ ಸಾರ. ಯಾವ ಬೋಲ್ಟು ಮೂಲದ್ದು, ಯಾವುದು ಬದಲಿ ಎಂದು ದಾಖಲಿಸುವಷ್ಟು ಸೂಕ್ಷ್ಮವಾದ ಶಿಸ್ತಿಗೆ ಆ ಬೋಲ್ಟನ್ನು ತಿರುಗಿಸಿದವನ ಹೆಸರನ್ನು ಬರೆಯುವುದು ಭಾರವಾಗಲಾರದು. ಒಂದು ಷರತ್ತು ಮಾತ್ರ ಇರಬೇಕು, ಅದು ಅವನ ಒಪ್ಪಿಗೆ. ವೀಸಾದ ಕಾಗದ ಸರಿಯಿಲ್ಲದವನಿಗೆ, ಬೇರೆ ಮಾಲೀಕನ ಬಳಿ ರಾತ್ರಿಪಾಳಿ ಮಾಡುವವನಿಗೆ ಹೆಸರೇ ಅಪಾಯವಾಗಬಹುದು.

ಕನ್ನಡಿಗರಿಗೆ ಇದು ಅಪರಿಚಿತ ವಿಚಾರವಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯವನ್ನು ಕಟ್ಟಿಸಿದವನು ವಿಷ್ಣುವರ್ಧನ. ಆದರೆ ಅಲ್ಲಿನ ಶಿಲ್ಪಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನು ಕಡೆದಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಸಿಗುತ್ತದೆ. 2023ರಲ್ಲಿ ಈ ದೇವಾಲಯಗಳು ಯುನೆಸ್ಕೋ ಪಟ್ಟಿ ಸೇರಿದಾಗ ರಾಜನ ಜೊತೆಗೆ ಶಿಲ್ಪಿಯ ಹೆಸರನ್ನೂ ಜಗತ್ತಿಗೆ ಹೇಳಲು ಸಾಧ್ಯವಾದದ್ದು ಆ ರುಜುಗಳಿಂದ. ಹನ್ನೆರಡನೆಯ ಶತಮಾನದ ಶರಣರು ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ ಎಂದು ಕಾಯಕವನ್ನೇ ಹೆಸರಿನ ಮೊದಲಿಗೆ ಇಟ್ಟುಕೊಂಡರು. ಹಾಗೆಂದು ಹಳೆಯದನ್ನೆಲ್ಲ ಕೊಂಡಾಡಬೇಕಿಲ್ಲ. ಬೇಲೂರಿಗೆ ಬಂಡೆ ಒಡೆದುಕೊಟ್ಟವರ, ಹೊತ್ತು ತಂದವರ ಹೆಸರು ಯಾವ ಪೀಠದಲ್ಲೂ ಇಲ್ಲ. ಇಂದು ಊರೂರಿನ ದೇವಸ್ಥಾನಗಳ ಜೀರ್ಣೋದ್ಧಾರದ ಫಲಕಗಳಲ್ಲಿ ಕೊಲ್ಲಿಯಿಂದ ದುಡ್ಡು ಕಳಿಸಿದ ದಾನಿಗಳ ಹೆಸರು, ಮೊತ್ತ ಸಮೇತ, ಅಮೃತಶಿಲೆಯ ಮೇಲಿರುತ್ತದೆ. ಕೆಲಸ ಮಾಡಿದ ಮೇಸ್ತ್ರಿಯ ಹೆಸರು ಇರುವುದಿಲ್ಲ. ಕಾರಿನ ಕಡತದಲ್ಲೂ ಮುಖ್ಯ ಮೆಕ್ಯಾನಿಕ್‌ನ ಹೆಸರು ಬಂದು, ಮರಳು ಹಾರಿಸಿದವನ, ಉಜ್ಜಿದವನ ಹೆಸರು ಬಿಟ್ಟುಹೋಗುವ ಸಾಧ್ಯತೆ ಇದೆ. ಬರೆಯುವುದಾದರೆ ಎಲ್ಲರದನ್ನೂ ಬರೆಯಬೇಕು.

ಇಲ್ಲಿಯೇ ಕೊಲ್ಲಿಯ ಕನ್ನಡ ಸಂಘಗಳಿಗೊಂದು ಕೆಲಸವಿದೆ. ಸಂಕಷ್ಟದಲ್ಲಿ ಅವು ದುಡಿದದ್ದನ್ನು ಅಲ್ಲಗಳೆಯಲಾಗದು. ಸಾಂಕ್ರಾಮಿಕದ ದಿನಗಳಲ್ಲಿ ಸಿಕ್ಕಿಬಿದ್ದವರನ್ನು ಊರಿಗೆ ಕಳಿಸಲು ಕನ್ನಡಿಗ ಸಂಘಟನೆಗಳು ವಿಮಾನಗಳನ್ನೇ ಗೊತ್ತುಮಾಡಿದ್ದವು. ಆದರೆ ರಾಜ್ಯೋತ್ಸವದ ವೇದಿಕೆಯ ಮೇಲೆ ಶಾಲು ಹೊದೆಸಿಕೊಳ್ಳುವವರು ಹೆಚ್ಚಾಗಿ ಉದ್ಯಮಿಗಳು, ವೈದ್ಯರು, ಊರಿನಿಂದ ಬಂದ ಸಿನಿಮಾ ನಟರು. ಮುಸಫ್ಫಾದ ಗ್ಯಾರೇಜಿನಲ್ಲಿ ಮೂವತ್ತು ವರ್ಷ ಕಳೆದ ಕನ್ನಡಿಗ ಟಿಂಕರ್ ಆ ಸಭೆಗೆ ಬಂದರೂ ಹಿಂದಿನ ಸಾಲಿನಲ್ಲಿರುತ್ತಾನೆ. ಅಂಥವರನ್ನು ಕೂರಿಸಿಕೊಂಡು ಅವರ ಮಾತನ್ನು ಕನ್ನಡದಲ್ಲಿ, ತುಳುವಿನಲ್ಲಿ, ಬ್ಯಾರಿಯಲ್ಲಿ, ನವಾಯತಿಯಲ್ಲಿ ಧ್ವನಿಮುದ್ರಿಸಿಕೊಳ್ಳಲು ಹೆಚ್ಚಿನ ಹಣ ಬೇಡ, ಒಂದು ಫೋನು ಮತ್ತು ಕೆಲವು ಶುಕ್ರವಾರಗಳು ಸಾಕು. ಯಾವ ವರ್ಷ ಬಂದರು, ಯಾವ ಕಾರುಗಳನ್ನು ಸರಿಮಾಡಿದರು, ಬಾಗುವಿನ ಅಳತೆ ಕೈಗೆ ಹೇಗೆ ತಿಳಿಯುತ್ತದೆ, ಮುಖಕವಚ ಕೊಟ್ಟಿದ್ದರೇ, ಸಂಬಳ ತಡವಾದಾಗ ಏನು ಮಾಡಿದರು. ಕೊಲ್ಲಿ ವಲಸೆಯ ಚರಿತ್ರೆಯನ್ನು ರವಾನೆಯಾದ ಹಣದ ಅಂಕಿಗಳಿಂದ ಬರೆಯುವುದು ಈಗಾಗಲೇ ಆಗಿದೆ; ಈ ಕೈಗಳ ಕಡೆಯಿಂದ ಬರೆಯುವುದು ಇನ್ನೂ ಬಾಕಿಯಿದೆ. ಮೊದಲ ತಲೆಮಾರಿನವರು ಈಗ ಒಬ್ಬೊಬ್ಬರಾಗಿ ಊರಿಗೆ ಮರಳುತ್ತಿದ್ದಾರೆ, ಹೆಚ್ಚು ಕಾಲ ಉಳಿದಿಲ್ಲ.

ಹಳೆಯ ಕಾರುಗಳನ್ನು ಕೊಳ್ಳುವ, ಮೆರೆಸುವ ಶಕ್ತಿಯುಳ್ಳ ಕನ್ನಡಿಗರೂ ಹೊರನಾಡಿನಲ್ಲಿ ಇದ್ದಾರೆ. ಗ್ಯಾರೇಜಿನೊಂದಿಗೆ ಕರಾರು ಮಾಡಿಕೊಳ್ಳುವಾಗ ಅವರು ಮೂರು ಸಾಲು ಸೇರಿಸಬಹುದು. ಕೆಲಸ ಮಾಡಿದವರೆಲ್ಲರ ಹೆಸರು, ಅವರ ಒಪ್ಪಿಗೆಯಿದ್ದರೆ, ಕಡತದಲ್ಲಿರತಕ್ಕದ್ದು, ಅದರ ಪ್ರತಿ ಅವರಿಗೆ ಸಲ್ಲತಕ್ಕದ್ದು. ಸಿಲಿಕಾ ಮರಳನ್ನು ಬಳಸತಕ್ಕದ್ದಲ್ಲ. ಬಣ್ಣ ಹೊಡೆಯುವವನಿಗೆ ಗಾಳಿ ಪೂರೈಸುವ ಮುಖಕವಚ ಇರತಕ್ಕದ್ದು. ಕ್ರೋಮಿಯಂ ಲೇಪಕ್ಕೆ ಖರ್ಚು ಮಾಡುವವರಿಗೆ ಇದು ದೊಡ್ಡ ಹೊರೆಯಾಗದು.

ಹಳೆಯ ಕಾರಿನ ಬಾಗಿಲ ಒಳಹೊದಿಕೆಯನ್ನು ಬಿಚ್ಚಿದಾಗ ಕೆಲವೊಮ್ಮೆ ಬರಿಯ ಲೋಹದ ಮೇಲೆ ಸೀಸದ ಕಡ್ಡಿಯಲ್ಲಿ ಗೀಚಿದ ಒಂದು ಅಂಕಿಯೋ ಅಕ್ಷರವೋ ಕಾಣಿಸುತ್ತದೆ. ಅದನ್ನು ಕಾರು ಹುಟ್ಟಿದ ಕಾರ್ಖಾನೆಯ ಕೆಲಸಗಾರನೊಬ್ಬ ಬರೆದಿರುತ್ತಾನೆ. ಬಲ್ಲ ಗ್ಯಾರೇಜಿನವರು ಅದನ್ನು ಅಳಿಸುವುದಿಲ್ಲ. ಚಿತ್ರ ತೆಗೆದು, ಅಷ್ಟು ಜಾಗವನ್ನು ಬಣ್ಣ ತಾಗದಂತೆ ಮುಚ್ಚಿ ಕಾಪಾಡುತ್ತಾರೆ, ಏಕೆಂದರೆ ಅದು ಕಾರಿನ ಚರಿತ್ರೆ. ಆ ಗುರುತಿನ ಪಕ್ಕದಲ್ಲಿ ಇನ್ನೊಂದು ಹೆಸರಿಗೆ ಬೇಕಾದಷ್ಟು ಜಾಗವಿರುತ್ತದೆ.